ನೇರ ನೋಡಬಾರದ ಬೆಳಕು

ಬಾಕ್ಸಿಂಗ್ ಹಾಲಿನಲ್ಲಿ ಅವನನ್ನು ಎಲ್ಲರೂ ಗೋಣಿ ಅಂತಲೇ ಕರೆಯುತ್ತಿದ್ದರು. ಏಟು ತಿನ್ನುವುದೇ ಅವನ ಕೆಲಸ. ಪಂದ್ಯಕ್ಕೆ ತಯಾರಾಗುವ ಹುಡುಗರ ಎದುರು ನಿಂತು ಅವರ ಗುದ್ದುಗಳನ್ನೆಲ್ಲ ಮೈಮೇಲೆ ಹಾಕಿಕೊಳ್ಳಬೇಕು. ತಿರುಗಿ ಕೊಡುವುದು ಮಾತ್ರ ಮಗುವಿನ ಬೆನ್ನು ತಟ್ಟಿದ ಹಾಗಿರಬೇಕು. ಹದಿನೇಳು ವರ್ಷದಲ್ಲಿ ಮೂಗು ಮೂರು ಸಲ ಮುರಿದಿತ್ತು. ಪಕ್ಕೆಲುಬು ಎಷ್ಟು ಸಲ ಅಂತ ಅವನಿಗೇ ಲೆಕ್ಕ ತಪ್ಪಿತ್ತು.

ಎಡಗಣ್ಣು ಹೋದದ್ದು ಹಾಲಿನ ಚಾಂಪಿಯನ್ ಕೈಯಲ್ಲಿ. ಹಿಂದಿನ ವಾರ ಪಂದ್ಯ ಸೋತು ಬಂದಿದ್ದ ಆ ಹುಡುಗ ಅವತ್ತು ಸಂಜೆ ಗಂಟೆ ಹೊಡೆದರೂ ಕೈ ನಿಲ್ಲಿಸಲಿಲ್ಲ. ಗೋಣಿಯನ್ನು ಮೂಲೆಗೆ ಒತ್ತಿ, ತಲೆಗವಸು ಜಾರಿದ ಮೇಲೂ ಒಂದೇ ಜಾಗಕ್ಕೆ ಗುದ್ದಿದ. "ಸಾಕೋ, ಬಿಡೋ!" ಅಂತ ಕೋಚ್ ಕೂಗಿದರೇ ಹೊರತು ಹಗ್ಗ ದಾಟಿ ಒಳಗೆ ಬರಲಿಲ್ಲ. ಗೋಣಿ ಬಿದ್ದಾಗ ಬಾಯಿತುಂಬ ರಕ್ತ. ಮೇಲಿಂದ ಚಾಂಪಿಯನ್ ಕೇಳಿದ, "ಏನೋ, ಇಷ್ಟಕ್ಕೇ ಮಲಗಿಬಿಟ್ಯಾ?"

"ಕಣ್ಣಿನ ನಡುಭಾಗ ಸತ್ತಿದೆ, ಅಂಚು ಉಳಿದಿದೆ" ಎಂದರು ಡಾಕ್ಟರು. ಬಲಗಣ್ಣು ಮುಚ್ಚಿ ನೋಡಿದರೆ ಹೆಂಡತಿಯ ಕೂದಲು, ಕಿವಿಯೋಲೆ ಕಾಣುತ್ತಿದ್ದವು. ಮುಖ ಇರಬೇಕಾದಲ್ಲಿ ಮಸಿ ಬಳಿದಂತಿತ್ತು. ಕೋಚ್ ಅವನನ್ನು ನೆಲ ಒರೆಸಲು, ಹುಡುಗರ ಕೈಗೆ ಪಟ್ಟಿ ಸುತ್ತಲು ಉಳಿಸಿಕೊಂಡರು. ಚಾಂಪಿಯನ್ ಕೈಗೂ ಅವನೇ ಸುತ್ತಬೇಕಿತ್ತು. ಒಂದೊಂದು ಸಲ ಆ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ಮುರಿದುಬಿಡುವಷ್ಟು ಸಿಟ್ಟು ಬರುತ್ತಿತ್ತು. ನುಂಗಿಕೊಂಡು ಸುತ್ತುತ್ತಿದ್ದ.

ಫೆಬ್ರವರಿಯಲ್ಲಿ ಮಗಳು ಟೀಚರ್ ಹತ್ತಿರ ಒಂದು ತಿಂಗಳ ಮಟ್ಟಿಗೆ ದುರ್ಬೀನು ಕೇಳಿ ತಂದಳು. ಚಂದ್ರನಿಲ್ಲದ ದಿನ ನೋಡಿ ಎಂಟು ಗಂಟೆಗೆ ಅಪ್ಪನನ್ನು ಎಳೆದುಕೊಂಡು ತಾರಸಿ ಹತ್ತಿದಳು. ಕಣ್ಣು ಕತ್ತಲೆಗೆ ಒಗ್ಗಲಿ ಅಂತ ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸಿದಳು.

"ಅಲ್ಲಿ ಸಾಲಾಗಿ ಮೂರು ನಕ್ಷತ್ರ ಇವೆಯಲ್ಲ, ಅದು ಬೇಟೆಗಾರ ಅನ್ನೋ ನಕ್ಷತ್ರಪುಂಜದ ಸೊಂಟಪಟ್ಟಿ. ಅದರ ಕೆಳಗೆ ಕತ್ತಿ. ಕತ್ತಿಯ ನಡುವೆ ಮಬ್ಬಾಗಿ ಏನಾದ್ರೂ ಕಾಣುತ್ತಾ?"

"ಬೇಟೆಗಾರನ ಹತ್ರ ಕತ್ತಿಯಾದ್ರೂ ಇದೆ" ಎಂದು ನಕ್ಕ ಗೋಣಿ. "ನನ್ನ ಕಣ್ಣಿಗೆ ಏನೂ ಕಾಣಲ್ಲ ಕಣಮ್ಮ."

"ಅದು ನೀಹಾರಿಕೆ, ಹೊಸ ನಕ್ಷತ್ರ ಹುಟ್ಟೋ ಮೋಡ. ನೇರ ನೋಡಬೇಡ ಅಪ್ಪ. ಸ್ವಲ್ಪ ಪಕ್ಕಕ್ಕೆ ನೋಡು. ಮಂಕು ಬೆಳಕು ಕಣ್ಣಂಚಿಗೇ ಚೆನ್ನಾಗಿ ಕಾಣೋದು."

ಅವನು ಬಲಗಣ್ಣು ಮುಚ್ಚಿದ. ದುರ್ಬೀನನ್ನು ಎಡಗಣ್ಣಿಗೆ ಒತ್ತಿ, ನೋಟ ಪಕ್ಕಕ್ಕೆ ಸರಿಸಿದ. ಗಾಜಿನ ಮೇಲೆ ಉಸಿರು ಬಿಟ್ಟಂಥ ಒಂದು ಬೂದುಬಣ್ಣದ ಮಸುಕು ಮೆಲ್ಲಗೆ ಕಾಣಿಸಿಕೊಂಡಿತು. "ಇದೆ! ಈ ಹಾಳು ಕಣ್ಣಿಗೇ ಕಾಣ್ತಿದೆ!" ಎಂದು ಮಗಳ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಅವಳು "ಅಯ್ಯೋ, ನೋವು" ಎಂದಳು.

ವಾರದೊಳಗೆ ಚಾಂಪಿಯನ್ ದೊಡ್ಡ ಪಂದ್ಯ ಗೆದ್ದ. ಗೋಣಿಯ ಮನೆಗೆ ಎದುರಾಗಿದ್ದ ಬಾಕ್ಸಿಂಗ್ ಹಾಲಿನ ಮಾಡಿನ ಮೇಲೆ ಅವನ ಮುಖದ ಬೋರ್ಡು ಎದ್ದಿತು, ಅದಕ್ಕೆ ನಾಲ್ಕು ಭಾರೀ ದೀಪ. ತಾರಸಿಯಲ್ಲಿ ನೆಲದ ಬಿರುಕುಗಳನ್ನೂ ಎಣಿಸುವಷ್ಟು ಬೆಳಕು. ಆಕಾಶ ತೊಳೆದುಹೋಯಿತು.

ಮರುದಿನ ಗೋಣಿ ಕೋಚ್ ಮುಂದೆ ನಿಂತ. "ಸಾರ್, ಸಂಜೆ ಒಂದು ಗಂಟೆ ಹೊತ್ತು ಆ ಬೋರ್ಡಿನ ದೀಪ ಆರಿಸಿದ್ರೆ ಮಗಳು ಆಕಾಶ ನೋಡ್ತಾಳೆ. ನಾನೂ ನೋಡ್ತೀನಿ."

ಕೋಚ್ ಬಾಯಿ ತೆರೆಯುವ ಮೊದಲೇ ಚಾಂಪಿಯನ್ ಎದ್ದು ಬಂದ. "ಕುರುಡನಿಗೆ ಆಕಾಶ ಬೇಕಂತೆ!" ಸುತ್ತಲಿದ್ದವರು ನಕ್ಕರು. ಅವನು ಗೋಣಿಯ ಕತ್ತು ಹಿಡಿದು ಗೋಡೆಗೆ ಒರಗಿಸಿ, ಒಳ್ಳೆಯ ಕಣ್ಣಿನ ಮೇಲೆ ಹೆಬ್ಬೆರಳಿಟ್ಟು ಅದುಮಿದ. "ಈಗ ಕಾಣುತ್ತೇನೋ ನಕ್ಷತ್ರ? ಕಾಣುತ್ತಾ?"

ಹೆಬ್ಬೆರಳು ಇನ್ನೂ ಒಳಕ್ಕೆ ಹೋಯಿತು. ಹದಿನೇಳು ವರ್ಷ ಎಲ್ಲರ ಗುದ್ದು ಎಲ್ಲಿಂದ ಬರುತ್ತದೆಂದು ಕಲಿತ ಮೈ ಅದು. ಗೋಣಿ ಮೊಣಕಾಲು ಬಗ್ಗಿಸಿ, ಸೊಂಟ ತಿರುಗಿಸಿ, ಬರಿಗೈಯಲ್ಲಿ ದವಡೆಗೆ ಒಂದೇ ಒಂದು ಬಿಟ್ಟ. ಒಣಕಟ್ಟಿಗೆ ಮುರಿದ ಸದ್ದು ಬಂತು. ಚಾಂಪಿಯನ್ ಬೆಂಚಿನ ಸಮೇತ ಉರುಳಿದ. ಅವನ ಗೆಳೆಯರು ನಾಲ್ವರು ಗೋಣಿಯ ಮೇಲೆ ಬಿದ್ದರು. ಒಬ್ಬನ ಕಿವಿ ಹರಿಯಿತು, ಒಬ್ಬನ ಹಲ್ಲು ಉದುರಿತು. ಕೊನೆಗೆ ಬಕೆಟ್ಟಿನಿಂದ ತಲೆಗೆ ಬಿದ್ದ ಏಟಿಗೆ ಗೋಣಿ ಕುಸಿದ. ಕುಸಿದವನನ್ನು ಒದ್ದರು. ಈ ಸಲ ಕೋಚ್ "ಸಾಕು" ಎಂದೂ ಅನ್ನಲಿಲ್ಲ.

ಕೋಚ್ ಕೊಟ್ಟ ದೂರಿನ ಮೇಲೆ ಗೋಣಿಗೆ ಒಂದು ರಾತ್ರಿ ಲಾಕಪ್ಪಿನ ಸಿಮೆಂಟ್ ನೆಲದ ಮೇಲೆ ಕಳೆಯಿತು. ಬೆಳಿಗ್ಗೆ ಕೋಚ್ ತಾವಾಗಿಯೇ ಬಂದು ದೂರು ವಾಪಸು ಪಡೆದರು. ಕೇಸು ನಡೆದರೆ ಹಳೆಯ ಕಣ್ಣಿನ ಕಥೆಯೂ ಹೊರಗೆ ಬರುತ್ತದೆಂಬ ಭಯ ಅವರಿಗೆ. "ನಾಳೆಯಿಂದ ಹಾಲಿನ ಕಡೆ ತಲೆ ಹಾಕಬೇಡ" ಎಂದಷ್ಟೇ ಹೇಳಿ ಹೋದರು. ಚಾಂಪಿಯನ್ ದವಡೆಗೆ ತಂತಿ ಬಿಗಿದು ಆರು ವಾರ ಗಂಜಿ ಕುಡಿಸಿದರಂತೆ.

ಊದಿದ ಮುಖ ಹೊತ್ತು ಬಂದ ಗಂಡನನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. "ಏನ್ರೀ, ಇಷ್ಟು ವರ್ಷ ತಿಂದುಕೊಂಡು ಬರ್ತಿದ್ರಿ. ಈ ಸಲ ಕೊಟ್ಟೂ ಬಂದ್ರಂತೆ?"

"ಕೊಟ್ಟೆ."

"ಕೈ ತೋರಿಸಿ" ಎಂದು ಬಾತ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿದಳು. ಬೈಯಲಿಲ್ಲ, ಅತ್ತಳು.

ಎರಡು ವಾರದಲ್ಲಿ ಅವನಿಗೆ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಸಿಕ್ಕಿತು. ಎದುರಿನ ದೀಪ ಮಾತ್ರ ಆರಲಿಲ್ಲ. ದುರ್ಬೀನು ಹಿಂತಿರುಗಿಸುವ ಹಿಂದಿನ ಸಂಜೆ ಮಗಳು ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ಕಂಬಳಿ ನೇತುಹಾಕಿದಳು. ಅಷ್ಟರಲ್ಲಿ ಬೇಟೆಗಾರ ಪಡುವಣಕ್ಕೆ ವಾಲಿದ್ದ. ಕಂಬಳಿಯ ನೆರಳಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಬೆನ್ನಿನ ಇನ್ನೂ ಮಾಯದ ಗಾಯ ಗೋಡೆಗೆ ತಾಗಿ ಗೋಣಿ ಮುಲುಗಿದ.

"ನನಗೇನೂ ಕಾಣ್ತಿಲ್ಲ" ಎಂದಳು ಹೆಂಡತಿ, ದುರ್ಬೀನು ಹಿಡಿದು.

"ನೇರ ನೋಡಬೇಡ ಕಣೇ" ಎಂದು ಅವನು ಅವಳ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ತುಸು ಪಕ್ಕಕ್ಕೆ ತಿರುಗಿಸಿದ.