ಕರೆಂಟೋ ಸೀಮೆಎಣ್ಣೆಯೋ

ನಿವೃತ್ತಿಯಾದ ಮರ್ಯಾದಸ್ಥರು ಏನು ಮಾಡಬೇಕೆಂಬುದು ಹಿರಿಯೂರಿನಲ್ಲಿ ಎಲ್ಲರಿಗೂ ಗೊತ್ತಿದೆ. ಬೆಳಿಗ್ಗೆ ವಾಕಿಂಗ್ ಹೋಗಬೇಕು, ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಬೇಕು, ನಡುವೆ ಬಿಡುವಾದರೆ ದೇಶ ಹಾಳಾಯಿತೆಂದು ಮೊಬೈಲಿನಲ್ಲಿ ನಾಲ್ಕು ಜನಕ್ಕೆ ತಿಳಿಸಬೇಕು. ನಾನು ಇವುಗಳಲ್ಲಿ ಒಂದನ್ನೂ ನೆಟ್ಟಗೆ ಕಲಿಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಮನೆಗೆ ಬಂದವನು, ಆಟದ ಜೆಟ್ ವಿಮಾನ ಕಟ್ಟುತ್ತ ಕೂತೆ. ‘ಆಟದ’ ಎಂಬ ಮಾತು ನನ್ನ ಹೆಂಡತಿಯದು. ನಾವು ‘ಮಾದರಿ ವಿಮಾನ’ ಎನ್ನುತ್ತೇವೆ. ಹಾಗೆಂದಾಗ ಕೇಳಿದವರಿಗೆ ನಮ್ಮ ವಯಸ್ಸು ತಕ್ಷಣ ನೆನಪಾಗುವುದಿಲ್ಲ.

ನಾವು ಎಂದರೆ ಇಬ್ಬರು. ಇನ್ನೊಬ್ಬ ತಿಪ್ಪೇಸ್ವಾಮಿ. ನನ್ನ ಹಳೆಯ ವಿದ್ಯಾರ್ಥಿ, ವಿಜ್ಞಾನದಲ್ಲಿ ಮೂವತ್ತೈದು ಅಂಕ ಪಡೆದು ಪಾಸಾದವನು. ಅದರಲ್ಲಿ ಮೂರು ನಾನು ಕಣ್ಣು ಮುಚ್ಚಿಕೊಂಡು ಹಾಕಿದ್ದು. ಈಗ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದಾನೆ. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ ಕಾಂತಕ್ಷೇತ್ರವನ್ನು ಅವನು ದಿನವೂ ಕೈಯಿಂದ ಮುಟ್ಟುತ್ತಾನೆ. ಸಂಜೆ ನಾಲ್ಕಕ್ಕೆ ನಾನು ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತೇನೆ, ಟೀ ಬರುತ್ತದೆ, ವಿಮಾನದ ಮಾತು ಶುರುವಾಗುತ್ತದೆ. ರೆಕ್ಕೆಯ ಕೋನದ ಬಗ್ಗೆ ನಾನು ಬಾಯಿ ತೆರೆದಾಗ ಗಡಿಯಾರ ನೋಡದ ಮನುಷ್ಯ ಇಡೀ ತಾಲೂಕಿನಲ್ಲಿ ಅವನೊಬ್ಬನೇ. ಅವನು ಮಾತು ಬಿಟ್ಟರೆ ನಾನು ದೇವಸ್ಥಾನದ ಕಟ್ಟೆಗೆ ಹೋಗಿ ಕೂರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಪ್ರಸಂಗದಲ್ಲಿ ನನಗೆ ವಿಮಾನಕ್ಕಿಂತ ಇವನನ್ನು ಕಳೆದುಕೊಳ್ಳುವ ಭಯವೇ ಹೆಚ್ಚಾಗಿತ್ತು.

ಎರಡು ವರ್ಷ ಕೂತು ನಾವು ಒಂದು ಜೆಟ್ಟಿನ ಒಡಲು ಕಟ್ಟಿದೆವು. ಅದರ ಹೊಟ್ಟೆಯಲ್ಲಿ ಒಂದೇ ಒಂದು ಯಂತ್ರಕ್ಕೆ ಜಾಗ. ಹಳೆಯ ಪದ್ಧತಿ ಬೇಕೆಂದರೆ ನಿಜವಾದ ಪುಟ್ಟ ಜೆಟ್ ಎಂಜಿನ್ ಇದೆ. ತಂಬಿಗೆಯಷ್ಟು ದಪ್ಪ, ಸೀಮೆಎಣ್ಣೆ ಕುಡಿದು, ಬೆಂಕಿ ಉಗುಳಿ, ಊರಿಗೆಲ್ಲ ಕೇಳುವಂತೆ ಮೊರೆಯುತ್ತದೆ. ಅದನ್ನು ಹೊತ್ತಿಸುವುದೇ ಒಂದು ಪೂಜಾವಿಧಿ, ಇಳಿದ ಮೇಲೆ ತಣ್ಣಗಾಗಿಸುವುದು ಇನ್ನೊಂದು. ಹೊಸ ಪದ್ಧತಿಯಲ್ಲಿ ಒಂದು ಕೊಳವೆ, ಅದರೊಳಗೆ ಒಂದು ಫ್ಯಾನು, ಅದಕ್ಕೊಂದು ಮೋಟಾರು, ಇಟ್ಟಿಗೆಯಂಥ ಬ್ಯಾಟರಿ. ಗುಂಡಿ ಒತ್ತಿದರೆ ಹಾರುತ್ತದೆ, ನಾಲ್ಕು ನಿಮಿಷಕ್ಕೆ ಬ್ಯಾಟರಿ ಮುಗಿಯುತ್ತದೆ. ಸೀಮೆಎಣ್ಣೆಯದು ಇದರ ಎರಡು ಪಟ್ಟು ಹೊತ್ತು ಹಾರುತ್ತದೆ, ಹೊತ್ತಿಕೊಂಡರೆ.

ದಿನವಿಡೀ ಕರೆಂಟಿನ ಅನ್ನ ತಿನ್ನುವ ತಿಪ್ಪೇಸ್ವಾಮಿ ಕರೆಂಟಿನ ಪಕ್ಷ ವಹಿಸುತ್ತಾನೆಂದು ನೀವು ಎಣಿಸಿರಬಹುದು. ನಾನೂ ಎಣಿಸಿದ್ದೆ.

“ಮೇಷ್ಟ್ರೆ, ಮೋಟ್ರು ಅಷ್ಟು ನಂಬಿಕಸ್ತ ಆಗಿದ್ರೆ ನನ್ನ ಅಂಗಡಿ ಮುಂದೆ ಇಷ್ಟೊಂದು ಯಾಕೆ ಸತ್ತು ಬಿದ್ದಿರ್ತಿದ್ವು, ಹೇಳ್ರಿ” ಎಂದ. “ಜೆಟ್ ಅಂದ್ರೆ ಬೆಂಕಿ ಇರಬೇಕು. ಫ್ಯಾನ್ ಹಾಕಿದ್ರೆ ಅದು ಟೇಬಲ್ ಫ್ಯಾನಿಗೆ ರೆಕ್ಕೆ ಕಟ್ಟಿದಂಗೆ ಐತೆ.”

ನನ್ನದು ಕರೆಂಟಿನ ಪಕ್ಷ, ಅವನದು ಸೀಮೆಎಣ್ಣೆಯದು. ಹೀಗೆ ಆರು ತಿಂಗಳು ನಡೆಯಿತು. ನಮ್ಮ ಕಡೆ ಹಳತು ಹೊಸತರ ಜಗಳಕ್ಕೆ ಒಂದು ಕ್ರಮವಿದೆ: ಹಳತನ್ನು ಹೊಗಳಬೇಕು, ಹೊಸತನ್ನು ಬಳಸಬೇಕು. ಚಟ್ನಿ ಒರಳಲ್ಲೇ ಅರೆಯಬೇಕೆನ್ನುವ ನಮ್ಮ ಅತ್ತಿಗೆ ಆ ಮಾತನ್ನು ಮಿಕ್ಸಿಯ ಸದ್ದನ್ನು ಮೀರಿಸಿ ಕೂಗಿ ಹೇಳುತ್ತಾರೆ. ವಾಟ್ಸಾಪಿನ ಪಂಡಿತರಂತೂ ಪುಷ್ಪಕ ವಿಮಾನ ನಮ್ಮದೇ ಎಂದು ವಾರಕ್ಕೊಮ್ಮೆ ತಿಳಿಸುತ್ತಾರೆ. ಅದಕ್ಕೆ ಏನು ಹಾಕಿ ಓಡಿಸುತ್ತಿದ್ದರೆಂದು ನಾನು ವಿನಯದಿಂದ ಕೇಳಿದ್ದೆ, ಗುಂಪಿನಿಂದ ತೆಗೆದುಹಾಕಿದರು. ಆ ಕಾಲದಲ್ಲಿ ಇಬ್ಬರು ಸ್ನೇಹಿತರು ಸೇರಿ ವಿಮಾನ ಕಟ್ಟುತ್ತಿರಲಿಲ್ಲವೆಂದು ಕಾಣುತ್ತದೆ, ಇಲ್ಲದಿದ್ದರೆ ಅದು ಇವತ್ತಿಗೂ ನೆಲ ಬಿಟ್ಟಿರುತ್ತಿರಲಿಲ್ಲ.

ಸೀಮೆಎಣ್ಣೆ ಎಂಜಿನ್ನೊಂದನ್ನು ತಿಪ್ಪೇಸ್ವಾಮಿ ಹವ್ಯಾಸ ಬಿಟ್ಟವರೊಬ್ಬರಿಂದ ಹೊತ್ತು ತಂದಿದ್ದ. ಸೀಮೆಎಣ್ಣೆ ತರುವುದು ಅದಕ್ಕಿಂತ ಕಷ್ಟವಾಯಿತು. ರೇಷನ್ ಅಂಗಡಿಯಲ್ಲಿ ಅದು ನಿಂತು ಎಷ್ಟೋ ಕಾಲವಾಗಿದೆ. ಕೇಳಿದರೆ ಅಂಗಡಿಯವನು ನಮ್ಮನ್ನು ಅನುಮಾನದಿಂದ ನೋಡಿದ. ಕೊನೆಗೆ ಹೊಳಲ್ಕೆರೆಯ ಅತ್ತೆಮನೆಯ ಅಟ್ಟದಿಂದ ತಿಪ್ಪೇಸ್ವಾಮಿ ಒಂದು ಹಳೆಯ ಡಬ್ಬಿ ಇಳಿಸಿಕೊಂಡು ಬಂದ. ಅವನು ಅತ್ತೆಮನೆಯಿಂದ ಸಂತೋಷವಾಗಿ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಕಡೆಯೂ ಸುಖವಿರಲಿಲ್ಲ. ಈ ಬ್ಯಾಟರಿಗಳು ಮುನಿಸಿಕೊಂಡರೆ ಊದಿಕೊಂಡು ಬೆಂಕಿ ಹತ್ತುತ್ತವೆ ಎಂದು ಓದಿ, ಅವನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಅಂಗಳದ ಮೂಲೆಗೆ ಇರಿಸಿದ್ದೆ. “ಸುರಕ್ಷಿತ ಅಂತೀರಿ, ಮನೆಯೊಳಗೆ ತರಲ್ಲ” ಎಂದು ಹೆಂಡತಿ ಕೇಳಿದಾಗ ನಾನು ಗಡಿಗೆಯನ್ನು ಇನ್ನೊಂದು ಮಾರು ಆಚೆಗೆ ಸರಿಸಿದೆ.

ಈಗ ಹೊಲದ ವಿಷಯ. ನಾವು ಹಾರಿಸುವುದು ಬಬ್ಬೂರಿನ ಆಚೆ, ಹೆದ್ದಾರಿಯ ಮಗ್ಗುಲಿಗೆ ನನ್ನ ಭಾವಮೈದುನ ಶೇಂಗಾ ಕಿತ್ತು ಬಿಟ್ಟ ಹೊಲದಲ್ಲಿ. ಬೆಳೆ ತೆಗೆದ ಮೇಲೆ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಮಂದೆ ಬಂದು ನಿಂತಿತೆಂದರೆ ಅಷ್ಟು ದಿನ ಹೊಲ ಕುರಿಯವರದು. ಹೊಲದ ಒಡೆಯನೂ ಅವರನ್ನು ಕೇಳಿಯೇ ಕಾಲಿಡುತ್ತಾನೆ. ಆ ಸಲ ಬಂದದ್ದು ಈರಣ್ಣನ ಮಂದೆ. ನನ್ನ ವಯಸ್ಸಿನವನು, ತಲೆಗೆ ಟವೆಲು ಸುತ್ತಿ ಕಂಬಳಿ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ಕೂತಿರುತ್ತಿದ್ದ. ನಾವಿಬ್ಬರೂ ಹೋಗಿ ಅನುಮತಿ ಕೇಳಿದೆವು.

“ಹಾರಿಸ್ರಿ, ನಂದೇನೈತೆ” ಎಂದ ಈರಣ್ಣ. “ಗಬ್ಬದ ಕುರಿ ಅವೆ, ಎಳೆ ಮರಿ ಅವೆ. ಬೆದರಿಸಬ್ಯಾಡ್ರಿ, ಅಷ್ಟೇ.”

ಅವತ್ತೇ ತಿಪ್ಪೇಸ್ವಾಮಿ ತನ್ನ ಎಂಜಿನ್ನನ್ನು ಹಲಗೆಗೆ ಬಿಗಿದು ಅಲ್ಲೇ ಹೊತ್ತಿಸಿ ತೋರಿಸಿದ. ನಮ್ಮ ಕಿವಿ ಗುಂಯ್ ಎಂದವು. ಕುರಿಗಳು ತಲೆ ಎತ್ತಿ ನೋಡಿ, ಮತ್ತೆ ಮೇಯತೊಡಗಿದವು. “ಲಾರಿ ಇದ್ದಂಗೈತೆ. ಇವಕ್ಕೆ ಅಭ್ಯಾಸ” ಎಂದ ಈರಣ್ಣ. ಮರ್ಯಾದೆಯಿದ್ದವನಾದರೆ ನಾನು ಅಲ್ಲಿಗೇ ಸೋಲೊಪ್ಪಿಕೊಳ್ಳಬೇಕಿತ್ತು. ನಾನು ಮೇಷ್ಟ್ರು. ನೆಲದ ಮೇಲಿನ ಸದ್ದು ಬೇರೆ, ತಲೆಯ ಮೇಲಿನ ಸದ್ದು ಬೇರೆ, ಗಬ್ಬದ ಕುರಿಗೆ ಏನಾದರೂ ಆದರೆ ಆ ಪಾಪ ಯಾರಿಗೆ ಎಂದು ಮೂರು ಸಂಜೆ ಪಾಠ ಮಾಡಿದೆ. ಕುರಿಗಳ ಬಗ್ಗೆ ನನಗೆ ಅಷ್ಟೊಂದು ಕರುಣೆ ಅದಕ್ಕೆ ಮೊದಲು ಎಂದೂ ಹುಟ್ಟಿರಲಿಲ್ಲ. ಭಾನುವಾರಗಳ ಊಟವೇ ಅದಕ್ಕೆ ಸಾಕ್ಷಿ.

ಕೊನೆಗೆ ತಿಪ್ಪೇಸ್ವಾಮಿ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. “ನಿಮ್ಮ ಕರೆಂಟೇ ಹಾಕ್ರಿ ಮೇಷ್ಟ್ರೆ. ಬಿದ್ರೆ ಮಾತ್ರ ಈ ಅಂಗಡಿ ಕಡೆ ಬರಬ್ಯಾಡ್ರಿ.”

ನಕ್ಕು ಹೇಳಿದ್ದರೆ ನಾನೂ ನಗುತ್ತಿದ್ದೆ. ನಗಲಿಲ್ಲ. ವಿಮಾನದ ಹೊಟ್ಟೆಗೆ ಮೋಟಾರು ಕೂರಿಸುವ ಕೆಲಸವನ್ನೆಲ್ಲ ಅವನೇ ಮಾಡಿದ, ನನಗಿಂತ ಅಚ್ಚುಕಟ್ಟಾಗಿ ಮಾಡಿದ, ನಾನು ರೆಕ್ಕೆಯ ಮಾತೆತ್ತಿದರೆ ತಂತಿಯ ಬೆಲೆ ಹೇಳಿದ. ಆ ವಾರ ಟೀ ಕುಡಿಯುವುದೇ ಒಂದು ಶಿಕ್ಷೆಯಾಯಿತು.

ಭಾನುವಾರ ಬೆಳಿಗ್ಗೆ ಹಾರಿಸಿದೆ. ತಿಪ್ಪೇಸ್ವಾಮಿ ಬಂದಿದ್ದ, ಆದರೆ ನನ್ನ ಪಕ್ಕದಲ್ಲಲ್ಲ. ಬದುವಿನ ಮೇಲೆ ಈರಣ್ಣನ ಜೊತೆ ಕೂತ. ಬೆಳ್ಳಗಿನ ವಿಮಾನ ಸುಯ್ಯೆಂದು ನೆಲ ಬಿಟ್ಟು, ಬಿಸಿಲಿಗೆ ಮಿನುಗಿ, ಹೆದ್ದಾರಿಯ ಕಡೆ ಹೋಗಿ ತಿರುಗಿ ಬಂತು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಅಷ್ಟು ಚೆಂದದ ವಸ್ತು ಇನ್ನೊಂದು ಆಗಿರಲಿಲ್ಲ. ಎರಡು ಸುತ್ತು ಹೊಡೆಸಿ ಬದುವಿನ ಕಡೆ ನೋಡಿದೆ. ತಿಪ್ಪೇಸ್ವಾಮಿ ಎದ್ದು ನಿಂತು ಹಣೆಗೆ ಕೈಯಿಟ್ಟು ನೋಡುತ್ತಿದ್ದ.

ಅಷ್ಟರಲ್ಲಿ ರಿಮೋಟಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ, ಒಂದೇ ನಿಮಿಷ ಉಳಿದಿದೆ ಎಂದಳು. ಇಳಿಸಲು ತಗ್ಗಿಸಿದೆ. ನಮ್ಮ ದುರ್ಗದ ಸೀಮೆಯ ಗಾಳಿ ನಿಮಗೆ ಗೊತ್ತಲ್ಲ, ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಅಂದಕ್ಕಲ್ಲ. ಅದು ವಿಮಾನವನ್ನು ಎತ್ತಿ ಕುಕ್ಕತೊಡಗಿತು. ನಾನು ಮೋಟಾರನ್ನು ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ, ಇಳಿಸಿದೆ. ಫ್ಯಾನು ತೆಳ್ಳಗೆ, ಉದ್ದಕ್ಕೆ ಸಿಳ್ಳೆ ಹೊಡೆಯಿತು. ಏರಿ ಇಳಿಯುವ ಸಿಳ್ಳೆ, ಎರಡು ಸಲ.

ಮಂದೆಯಷ್ಟೂ ತಲೆ ಎತ್ತಿತು. ಆಮೇಲೆ ಓಡಿ ಬಂತು. ಬೆದರಿ ದಿಕ್ಕಾಪಾಲಾಗಿ ಓಡಲಿಲ್ಲ. ಸಂತೋಷವಾಗಿ, ಒಟ್ಟಾಗಿ, ವಿಮಾನದ ಕಡೆಗೇ ಬಂತು.

“ಲೇ ಲೇ, ಅದು ನನ್ನ ನೀರಿನ ಸಿಳ್ಳೆ” ಎನ್ನುತ್ತ ಈರಣ್ಣ ಕಂಬಳಿ ಬಿಟ್ಟು ಓಡಿದ. ಮಂದೆಯನ್ನು ನೀರಿಗೆ ಕರೆಯುವಾಗ ಅವನು ಬೆರಳು ಮಡಿಸಿ ಬಾಯಿಗಿಟ್ಟು ಹಾಗೆಯೇ ಎರಡು ಸಲ ಏರಿಸಿ ಇಳಿಸಿ ಊದುತ್ತಾನಂತೆ. ವಿಮಾನ ಕಂಡರೆ ಕುರಿ ಹೆದರುತ್ತವೆಯೇ ಎಂದು ನಾವು ಮೂರು ಸಂಜೆ ಚರ್ಚಿಸಿದ್ದೆವು. ಇಷ್ಟಪಟ್ಟರೆ ಏನು ಗತಿ ಎಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಇಳಿಯುವ ದಾರಿಯ ತುಂಬ ಕುರಿ, ಮುಂದುಗಡೆಯೇ ಮರಿಗಳು. ಇನ್ನೊಂದು ಸುತ್ತು ಹೊಡೆಸಲು ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಎಡಕ್ಕೆ ಒಣಗಿದ ಹುಲ್ಲಿನ ಬದು, ಅದರಾಚೆ ಜಾಲಿ ಪೊದೆ. ನಾನು ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದೆ. ಎರಡು ವರ್ಷದ ಕೆಲಸ ಜಾಲಿಯೊಳಗೆ ಹಪ್ಪಳ ಮುರಿದಷ್ಟು ಸಣ್ಣ ಸದ್ದು ಮಾಡಿ ಮುಗಿಯಿತು. ಕುರಿಗಳು ನಿಂತು, ನೀರೆಲ್ಲಿ ಎಂಬಂತೆ ನನ್ನನ್ನು ನೋಡಿದವು.

ತಿಪ್ಪೇಸ್ವಾಮಿ ನನ್ನನ್ನು ದಾಟಿಕೊಂಡು ಪೊದೆಗೆ ನಡೆದ. ಮೊದಲು ಬ್ಯಾಟರಿ ಹುಡುಕಿ, ಮಣ್ಣು ಬಗೆದು ಅದರಲ್ಲಿ ಹೂತಿಟ್ಟು ಮುಚ್ಚಿದ. ಆಮೇಲೆ ಒಂದೊಂದೇ ಚೂರನ್ನು ಮುಳ್ಳಿನಿಂದ ಬಿಡಿಸಿ ಗೋಣಿಚೀಲಕ್ಕೆ ತುಂಬಿದ. ನಾ ಹೇಳಿರಲಿಲ್ಲವಾ ಎಂದು ಒಂದು ಮಾತು ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಚೀಲವನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟುಹೋದ.

ಎರಡು ದಿನ ನಾನು ಅಂಗಡಿಯ ಕಡೆ ಹೋಗಲಿಲ್ಲ. ದೇವಸ್ಥಾನದ ಕಟ್ಟೆಯ ಮೇಲೆ ಕೂತು ಮೂವರ ಸಕ್ಕರೆಯ ಪ್ರಮಾಣವನ್ನು ಊಟದ ಮೊದಲು, ಊಟದ ನಂತರ ಎಂದು ವಿವರವಾಗಿ ತಿಳಿದುಕೊಂಡೆ. ಅಷ್ಟು ಬೇಸರವನ್ನು ನಾನು ಜೀವಮಾನದಲ್ಲಿ ಪಟ್ಟಿರಲಿಲ್ಲ. ಮೂರನೆಯ ದಿನ ನಾಲ್ಕಕ್ಕೆ, ಬೈದರೆ ಬೈಸಿಕೊಳ್ಳೋಣ ಎಂದು ಹೋದೆ. ಅವನು ತಲೆ ಎತ್ತದೆ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದ.

“ಕುಂತ್ಕಳ್ರಿ.”

ಕೂತೆ. ಟೀ ಬಂತು. ಮೂಲೆಯಲ್ಲಿ ಗೋಣಿಚೀಲವಿತ್ತು, ಇಬ್ಬರೂ ಅದನ್ನು ನೋಡಲಿಲ್ಲ. ಕೈಯಲ್ಲಿದ್ದ ತಂತಿಯ ಸುರುಳಿ ಮುಗಿಸಿ ಅವನು ಹೇಳಿದ.

“ಮುಂದಿಂದಕ್ಕೆ ಕರೆಂಟೇ ಹಾಕಾಣ ಮೇಷ್ಟ್ರೆ.”

ನಾನು ಟೀ ಲೋಟ ಕೆಳಗಿಟ್ಟೆ.

“ಎರಡು ದಿನದಿಂದ ನಿದ್ದೆ ಇಲ್ಲ ನಂಗೆ. ಆ ಬದು ನೋಡಿದ್ರಲ್ಲ, ಒಣಗಿ ಕಡ್ಡಿ ಆಗಿತ್ತು. ನನ್ನ ಸೀಮೆಎಣ್ಣೆದು ಅಲ್ಲಿ ಬಿದ್ದಿದ್ರೆ ಹೊಲ ಹತ್ಕಂಡು ಉರಿಯೋದು. ಈರಣ್ಣನ ಮರಿ ಎಲ್ಲಿಗೆ ಓಡ್ತಿದ್ವು?”

ಅವನಿಂದ ಈ ಮಾತು ಬಂದಾಗ ನನಗೆ ಖುಷಿಯಾಗಬೇಕಿತ್ತು. ಆದರೆ ದೇವಸ್ಥಾನದ ಕಟ್ಟೆಯ ಮೇಲೆ ಕೂತ ಎರಡು ದಿನವೂ ನಾನು ಬೇರೆಯದೇ ಮಾತನ್ನು ಸಿದ್ಧ ಮಾಡಿಕೊಂಡಿದ್ದೆ.

“ಬ್ಯಾಡಪ್ಪ, ಸೀಮೆಎಣ್ಣೆಯೇ ಸರಿ” ಎಂದೆ. “ಅದಿದ್ದಿದ್ರೆ ಕುರಿ ಬರ್ತಾನೇ ಇರಲಿಲ್ಲ. ಬಂದಿದ್ರೂ ಅವು ಸರಿಯೋ ತನಕ ಮೇಲೇ ಸುತ್ತಿಸಬಹುದಿತ್ತು. ನೀನು ಮೊದಲೇ ಹೇಳಿದ್ದೆ, ನಾನು ಕೇಳಲಿಲ್ಲ.”

“ನಾನು ಹೇಳಿದ್ದು ತಪ್ಪು.”

“ತಪ್ಪಲ್ಲ.”

“ತಪ್ಪು ಅಂತ ನಾನೇ ಹೇಳ್ತಿದೀನಲ್ಲ ಮೇಷ್ಟ್ರೆ. ಕರೆಂಟು.”

“ಸೀಮೆಎಣ್ಣೆ.”

ಮೋಟಾರು ಹೊತ್ತು ತಂದಿದ್ದ ಮಾಡದಕೆರೆಯ ರೈತನೊಬ್ಬ ಬಾಗಿಲಲ್ಲೇ ನಿಂತುಬಿಟ್ಟ. ತಿಪ್ಪೇಸ್ವಾಮಿ ನನ್ನ ಆರು ತಿಂಗಳ ವಾದವನ್ನೆಲ್ಲ ನನಗೇ ಒಪ್ಪಿಸುತ್ತಿದ್ದ, ನನಗಿಂತ ಚೆನ್ನಾಗಿ. ಮೂವತ್ತೈದು ಅಂಕ ನಿಜಕ್ಕೂ ಕಡಿಮೆಯಾಯಿತು ಎನ್ನಿಸಿತು. ನಾನು ಸೀಮೆಎಣ್ಣೆಯ ಪಕ್ಷ ಹಿಡಿದು ಒಂದಿಂಚೂ ಕದಲಲಿಲ್ಲ. ಇಬ್ಬರ ಧ್ವನಿಯೂ ಏರಿತು. ಎರಡನೆಯ ಟೀ ಬಂದು ಆರಿತು. ನಾನು ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳಲು ಬಂದಿದ್ದೆ. ಆ ಮನುಷ್ಯ ಅದರಲ್ಲೂ ನನ್ನನ್ನು ಗೆಲ್ಲಲು ಬಿಡಲಿಲ್ಲ.