ನೆಲ ಒರೆಸುವವರ ಹೆಸರು

ಗೆಳೆಯರೇ, ಇವತ್ತು ಹ್ಯಾಮಿಲ್ಟನ್ನಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಹಳೆಯ ಇಟಾಲಿಯನ್ ಹಾಸ್ಯಚಿತ್ರವೊಂದನ್ನು ತೋರಿಸಿದರು. ಅದೂ ಒಂದು ಆಫೀಸಿನ ಕತೆಯೇ. ಆಮೇಲಿನ ಚರ್ಚೆಯಲ್ಲಿ ನಾನು ಗುಡುಗಿದೆ: "ಗುಮಾಸ್ತರಿಗೆಲ್ಲ ಹೆಸರಿದೆ, ನೆಲ ಒರೆಸೋಳಿಗೆ ಮಾತ್ರ ಇಲ್ಲ!" ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ನಮ್ಮ ಆಫೀಸು ಗುಡಿಸಿ ಒರೆಸುವ ಸಮೋವಾದ ಹಿರಿಯಾಕೆ ಬಾಗಿಲಲ್ಲಿ ಕಂಡರು. "ಆಂಟಿ, ಬನ್ನಿ, ಕೂತ್ಕೊಳ್ಳಿ" ಎಂದೆ.

ಹೊಸ ಮ್ಯಾನೇಜರ್ ನನ್ನನ್ನೇ ಕೇಳಿದಳು: "ಇವರ ಹೆಸರು?"

ಮೂರು ವರ್ಷದಿಂದ ಗೌರವವೆಂದುಕೊಂಡು ಆಂಟಿ ಎನ್ನುತ್ತಿದ್ದ ನಾನು ಅವರ ಹೆಸರನ್ನೇ ಕೇಳಿರಲಿಲ್ಲ.

"ಸಿನಾ" ಎಂದು ಅವರೇ ಹೇಳಿ, ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದರು. "ಬೇಜಾರು ಮಾಡ್ಕೋಬೇಡ. ನಿನ್ನ ಹೆಸರೂ ನಂಗೊತ್ತಿಲ್ಲ. ಮನೇಲಿ ನಿನ್ನ ಮೊಸರನ್ನದ ಹುಡುಗಿ ಅಂತೀನಿ."

ನಾಳೆ ಎರಡು ಡಬ್ಬಿ ಮೊಸರನ್ನ ಒಯ್ಯುತ್ತೇನೆ, ಎರಡರ ಮೇಲೂ ಹೆಸರು ಬರೆದು.