ಅಜ್ಜಿಯ ಬೆಣ್ಣೆ, ಅಪ್ಪನ ತಟ್ಟೆ

ಅಜ್ಜಿ ಉಂಡದ್ದು ಮೊಮ್ಮಗಳ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸೀತೇ ಎಂಬ ಪ್ರಶ್ನೆಗೆ ಮೂವತ್ತು ವರ್ಷ ಇಲಿಗಳಿಂದ ಉತ್ತರ ಹೇಳಿಸಿದ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಿಷ್ಯರ ಬಾಯಲ್ಲಿ ಅವರು 'ಇಲಿಯಮ್ಮ'; ಈ ಬಿರುದು ಅವರ ಕಿವಿಗೆ ಬಿದ್ದಿಲ್ಲವೆಂದು ನಾವು ಇಂದಿಗೂ ನಂಬಿದ್ದೇವೆ.

ಹಸಿದು ಬಂದ ಶಿಷ್ಯರಿಗೆ ತಮ್ಮ ಊಟದ ಡಬ್ಬಿಯನ್ನೇ ಬಿಟ್ಟುಕೊಟ್ಟು, ಇಲಿಗಳ ಆಹಾರವನ್ನು ತಾವು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, "ಉಪ್ಪು ಸಾಲದು" ಎಂದ ದೊಡ್ಡ ಜೀವ ಅದು.

ಬಸುರಿನಲ್ಲಿ ಕೊಬ್ಬು ತಿಂದ ಇಲಿಗಳ ಹೆಣ್ಣುಮಕ್ಕಳಲ್ಲೂ ಮೊಮ್ಮಕ್ಕಳಲ್ಲೂ ಎದೆಯ ಗಡ್ಡೆ ಹೆಚ್ಚೆಂಬ ಅವರ ಪ್ರಬಂಧ ಸುದ್ದಿಯಾದ ವಾರವೇ ಅವರ ಮಗಳ ಎದೆಯಲ್ಲೊಂದು ಗಂಟು ಕಾಣಿಸಿತು. ಪರೀಕ್ಷೆಯಲ್ಲಿ ಅಪಾಯವಿಲ್ಲವೆಂದು ತಿಳಿದು ಮನೆಯವರೆಲ್ಲ ನಿರಾಳವಾದರೂ ಇಲಿಯಮ್ಮನವರ ಅತ್ತೆಯ ಜೀವಕ್ಕೆ ಮಾತ್ರ ನೆಮ್ಮದಿಯಿಲ್ಲ. ಈ ಮಗಳು ಹೊಟ್ಟೆಯಲ್ಲಿದ್ದಾಗ ಸೊಸೆಗೆ ಹೊತ್ತುಹೊತ್ತಿಗೆ ಬೆಣ್ಣೆ ತಿನ್ನಿಸಿದವರು ಅವರೇ.

"ಮೊಮ್ಮಗಳ ಬಾಳಿಗೆ ನಾನೇ ಕಲ್ಲು ಹಾಕಿದ್ನೇನೇ?"

ಅಂದಿನಿಂದ ಮನೆಗೆಲ್ಲ ಬೇಯಿಸಿದ ಕೋಸು, ಅತ್ತೆಗೆ ಒಂದೇ ಹೊತ್ತಿನ ಊಟ. ದಿನೇ ದಿನೇ ಸೊರಗಿದರು. ಪ್ರಬಂಧವೇ ತಪ್ಪೆಂದು ಒಂದು ಸುಳ್ಳು ಹೇಳಿದ್ದರೆ ಮುದುಕಿ ಉಣ್ಣುತ್ತಿದ್ದರೇನೋ; ಇಲಿಯಮ್ಮನವರಿಗೆ ನಾಲಿಗೆ ಹೊರಳಲಿಲ್ಲ.

"ಇಲಿ ಬೇರೆ, ಮನುಷ್ಯರು ಬೇರೆ ಅತ್ತೆ."

"ಹಾಗಾದ್ರೆ ಇಷ್ಟು ವರ್ಷ ಅವುಗಳ ಜೊತೆ ಏನು ಮಾಡ್ತಿದ್ದೆ?"

ಪರೀಕ್ಷಕರ ಎದುರು ಎಂದೂ ತಡವರಿಸದವರು ಅಂದು ಆ ಪ್ರಶ್ನೆಯನ್ನು ಹೊತ್ತುಕೊಂಡೇ ಪ್ರಯೋಗಾಲಯಕ್ಕೆ ಬಂದರು. ಗೂಡುಗಳ ಮುಂದೆ ನಿಂತವರಿಗೆ ಥಟ್ಟನೆ ಹೊಳೆಯಿತು: ಇಷ್ಟು ವರ್ಷ ಅಮ್ಮಂದಿರನ್ನೇ ತೂಗಿದ್ದಾಯಿತು, ಅಪ್ಪಂದಿರನ್ನು ಕೇಳಿದವರಾರು?

ಮರುವರ್ಷ ಫಲಿತಾಂಶ ಬಂತು. ಕೊಬ್ಬಿದ ಅಪ್ಪ ಇಲಿಗಳ ಹೆಣ್ಣುಮಕ್ಕಳಲ್ಲೂ ಗಡ್ಡೆ ಹೆಚ್ಚು. ಊಟದ ಮೇಜಿನಲ್ಲಿ ಅದನ್ನು ಹೇಳಿದಾಗ, ಕೋಸಿಗೆ ಹೆದರಿ ಹೊರಗಿನಿಂದ ಕರಿದ ಆಲೂಗೆಡ್ಡೆ ತಂದಿದ್ದ ಯಜಮಾನರ ಕೈ ಬಾಯಿಯ ಹತ್ತಿರವೇ ನಿಂತಿತು. ಅತ್ತೆಯವರ ಮುಖ ಅರಳಿತು, ಮರುಗಳಿಗೆ ಗಂಟಿಕ್ಕಿತು.

"ನನ್ನ ಮಗನ್ನ ಯಾಕೆ ಅಂತೀಯ? ಪಾಪ, ಅವನೇನು ಮಾಡ್ದ?"

"ಯಾರನ್ನೂ ಬೈಯೋಕಲ್ಲ ಅತ್ತೆ ಇದು. ಅಪಾಯ ಅಂದ್ರೆ ಹಣೆಬರಹ ಅಲ್ಲ. ಆಗಿದ್ದ ಊಟ ಆಗಿಹೋಯ್ತು, ಮುಂದಿನದು ನಮ್ಮ ಕೈಲಿದೆ. ನೀವು ಗಟ್ಟಿಯಾಗಿದ್ರೆ ತಾನೇ ಮಾಡಿ ಬಡಿಸೋದು?"

ಅತ್ತೆ ಮಗನ ತಟ್ಟೆಯಿಂದ ಆಲೂಗೆಡ್ಡೆ ಎತ್ತಿಟ್ಟು, ಸೊಪ್ಪು ಬಡಿಸಿ, ತಮಗೂ ಒಂದು ತಟ್ಟೆ ಹಾಕಿಕೊಂಡರು. ಇಲಿಯಮ್ಮನವರು ಅಂದು ಅತ್ತುಬಿಟ್ಟರಂತೆ.

ಅಜ್ಜ ಇಲಿಗಳ ಸರದಿ ಇನ್ನೂ ಬಾಕಿಯಿರುವುದರಿಂದ, ನಮ್ಮ ಗುರುಗಳು ನಿವೃತ್ತಿಯ ಆದೇಶವನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಳ್ಳದಿರಲಿ. ಅತ್ತೆ-ಸೊಸೆ ಇಬ್ಬರೂ ನೂರ್ಕಾಲ ಬಾಳಲಿ. ಮೊಮ್ಮಗಳು ಮದುವೆಯಾಗಲಿರುವ ಹುಡುಗ ಮೊನ್ನೆ ಮನೆಗೆ ಬಂದಾಗ ಅತ್ತೆಯವರು ಅವನ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದ್ದು ಒಂದೇ:

"ದಿನಾ ಏನು ಉಣ್ತೀಯಪ್ಪಾ?"